ಕರೆಂಟ್ ಬಂದರೂ ಮಗ್ಗ ಓಡಲಿಲ್ಲ

ಕಳೆದ ವರ್ಷದ ಶ್ರಾವಣವನ್ನು ನಾನು ಸಾಯುವತನಕ ಮರೆಯುವುದಿಲ್ಲ. ಅದನ್ನು ಹೇಳುವ ಮೊದಲು ನನ್ನ ಗಂಟಲಿನ ವಿಷಯ ಹೇಳಬೇಕು. ಅದು ದೊಡ್ಡದು. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗದ ಮನೆಗೆ ಸೊಸೆಯಾಗಿ ಬಂದವಳು ನಾನು. ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದಿನ ಕೋಣೆಯಲ್ಲಿ ಸಂಸಾರ. ಮಗ್ಗದ ಸದ್ದನ್ನು ಮೀರಿಸಿ ಕೂಗದಿದ್ದರೆ "ಅನ್ನ ಹಾಕ್ಲಾ?" ಎಂದು ಕೇಳಿದ್ದೂ ಗಂಡನಿಗೆ ಕೇಳಿಸುವುದಿಲ್ಲ. ತವರಿಗೆ ಹೋದರೆ ತಂಗಿಯರು ಕಿವಿ ಮುಚ್ಚಿಕೊಂಡು ನಗುತ್ತಾರೆ.

ಇಂಥ ಮನೆಗಳಲ್ಲಿ ಮಕ್ಕಳಿಗೆ ಕಾಲು ಚಾಚಲೂ ಜಾಗವಿಲ್ಲ. ಬೀದಿಯ ಕೊನೆಯಲ್ಲಿ ಸರ್ಕಾರಿ ಶಾಲೆಯಿದೆ. ಅದರ ಪಕ್ಕದ ಬಯಲೇ ಅವರಿಗೆ ಎಲ್ಲ. ನನ್ನ ಮಗಳು ಕಾವ್ಯ ಅಲ್ಲೇ ಖೊಖೊ ಕಲಿತು ಶಾಲೆಯ ತಂಡ ಸೇರಿದ್ದಳು. ಆ ಬಯಲಿನಲ್ಲಿ ಅಂಗಡಿ ಮಳಿಗೆ ಕಟ್ಟುತ್ತಾರೆಂಬ ಸುದ್ದಿ ಬಂದಾಗ ನಾವು ನಾಲ್ಕೈದು ಹೆಂಗಸರು ನಗರಸಭೆ ಕಚೇರಿಗೆ ಹೋದೆವು. ನಾನು ಬಾಯಿ ತೆರೆದದ್ದೇ ತಡ, ಕುರ್ಚಿಯಲ್ಲಿದ್ದವರು, "ಯಾಕಮ್ಮ ಹಿಂಗ್ ಕಿರುಚ್ತೀಯಾ? ಇದೇನ್ ಸಂತೇನಾ? ಮೆತ್ತಗೆ ಮಾತಾಡೋದ್ ಕಲ್ತ್ಕೊಂಡ್ ಬಾ" ಎಂದರು. ಸುತ್ತ ಇದ್ದವರೆಲ್ಲ ನಕ್ಕರು. ಅವಮಾನದಿಂದ ತಲೆ ತಗ್ಗಿಸಿ ಹೊರಗೆ ಬಂದೆ. ವಾಪಸು ಬರುವಾಗ ಪಕ್ಕದ ಮನೆಯ ರತ್ನಕ್ಕ, "ಬಿಡೇ ಸರೋಜಾ, ಅವ್ರ ಮನೇಲಿ ಮಗ್ಗ ಇಲ್ಲ, ಅವ್ರಿಗೇನ್ ಗೊತ್ತು" ಎಂದು ಸಮಾಧಾನ ಮಾಡಿದಳು. ನನಗೆ ಸಮಾಧಾನವಾಗಲಿಲ್ಲ.

ಆಷಾಢ ಕಳೆಯಲೆಂದೇ ಕಾದಿದ್ದರೇನೋ, ಶ್ರಾವಣದ ಮೊದಲ ವಾರವೇ ಗುದ್ದಲಿ ಪೂಜೆ ಇಟ್ಟುಕೊಂಡರು. ಅದು ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಒದಗಿಸುವ ಕಾಲ. ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿರುವುದಿಲ್ಲ. ಸೀರೆಗೆ ಇಷ್ಟು ಎಂದು ಕೂಲಿ. ಮಗ್ಗ ನಿಂತರೆ ಕೂಲಿಯೂ ನಿಂತಂತೆ. ಹಾಗಾಗಿ ಯಾರೂ ತಕರಾರಿಗೆ ಬರುವುದಿಲ್ಲ ಎಂದುಕೊಂಡಿದ್ದರು. ಅವರು ಅಂದುಕೊಂಡಿದ್ದು ಸರಿಯಾಗಿಯೇ ಇತ್ತು. ಬೆಳಿಗ್ಗೆ ಶಾಮಿಯಾನ ಎದ್ದಿತು, ಮೈಕಿನಲ್ಲಿ ಭಕ್ತಿಗೀತೆ ಹಾಕಿದರು, ನಾವು ಹಲ್ಲು ಕಚ್ಚಿಕೊಂಡು ಮಗ್ಗ ಓಡಿಸುತ್ತಲೇ ಇದ್ದೆವು. ಕಾವ್ಯ ಶಾಲೆಯಿಂದ ಓಡಿಬಂದು, "ಅಮ್ಮಾ, ನಮ್ ಖೊಖೊ ಕಂಬಕ್ಕೆ ಶಾಮಿಯಾನದ ಹಗ್ಗ ಕಟ್ಟವ್ರೆ!" ಎಂದು ಅಳತೊಡಗಿದಳು.

ಅಷ್ಟರಲ್ಲಿ ಕರೆಂಟ್ ಹೋಯಿತು.

ಕರೆಂಟ್ ಹೋದರೆ ನಮ್ಮ ಬೀದಿಯಲ್ಲಿ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುತ್ತವೆ, ಜನವೆಲ್ಲ ಒಟ್ಟಿಗೆ ಬಾಗಿಲಿಗೆ ಬರುತ್ತಾರೆ. ಅಂದು ಬಾಗಿಲಲ್ಲಿ ಯಾರೂ ನಿಲ್ಲಲಿಲ್ಲ. ಯಾರೂ ಯಾರನ್ನೂ ಕರೆಯದೆಯೇ ಎಲ್ಲರೂ ಬಯಲಿನ ಕಡೆ ನಡೆದೆವು. ಅಲ್ಲಿ ಬಡಾವಣೆಯ ಮುಖಂಡರೊಬ್ಬರು ಸತ್ತ ಮೈಕನ್ನು ತಟ್ಟುತ್ತ ಅಭಿವೃದ್ಧಿಯ ಬಗ್ಗೆ ಏನೋ ಹೇಳುತ್ತಿದ್ದರು. ಮುಂದಿನ ಸಾಲಿನವರಿಗೂ ಅದು ಕೇಳಿಸುತ್ತಿರಲಿಲ್ಲ.

ನನಗೆ ಮೈಕ್ ಬೇಕಿರಲಿಲ್ಲ. "ಸಾರ್, ಇದು ನಮ್ ಮಕ್ಳು ಆಡೋ ಜಾಗ. ಮನೇಲಿ ಆಡೋಣ ಅಂದ್ರೆ ಮಗ್ಗ, ರೋಡಿಗ್ ಬಂದ್ರೆ ಟೆಂಪೋ. ಎಲ್ಲಿಗ್ ಹೋಗ್ಬೇಕು ಅವು? ನಿಮ್ ಅಂಗ್ಡಿ ಬೇರೆ ಎಲ್ಲಾದ್ರೂ ಕಟ್ಕೊಳ್ಳಿ!"

"ಸ್ವಲ್ಪ ಮೆತ್ತಗೆ ಮಾತಾಡಮ್ಮ."

"ಮೆತ್ತಗೆ ಹೇಳಿದ್ರೆ ನಿಮಗ್ ಕೇಳಿಸ್ಬೇಕಲ್ಲ!"

ಆಗಲೇ ಕರೆಂಟ್ ಬಂತು. ಮೈಕ್ ಕೀಚ್ ಎಂದಿತು. ಮುಖಂಡರ ಮುಖ ಅರಳಿತು. "ಕರೆಂಟ್ ಬಂತಲ್ಲ, ಹೋಗ್ರಮ್ಮಾ, ಹೋಗಿ ಹಬ್ಬದ ಸೀರೆ ನೋಡ್ಕೊಳ್ಳಿ" ಎಂದರು.

ಕರೆಂಟ್ ಬಂತೆಂದರೆ ನಾವು ಬಾಯಿಗಿಟ್ಟ ತುತ್ತನ್ನೂ ಬಿಟ್ಟು ಮಗ್ಗಕ್ಕೆ ಓಡುವವರು. ಸುಳ್ಳೇಕೆ ಹೇಳಲಿ, ನನ್ನ ಕಾಲೂ ಮನೆಯ ಕಡೆ ತಿರುಗಿತ್ತು. ರತ್ನಕ್ಕನನ್ನು ನೋಡಿದೆ. ಅರ್ಧ ನೇಯ್ದ ಸೀರೆ ಬಿಟ್ಟು ಬಂದಿದ್ದ ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗುದ್ದಲಿ ಪೂಜೆಗೆ ಗುರುತು ಮಾಡಿದ್ದ ಜಾಗದಲ್ಲೇ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ನಾನೂ ಕೂತೆ. ಒಬ್ಬೊಬ್ಬರಾಗಿ ಎಲ್ಲರೂ ಕೂತರು. ಬೀದಿಯಲ್ಲಿ ಒಂದೇ ಒಂದು ಮಗ್ಗವೂ ಸದ್ದು ಮಾಡಲಿಲ್ಲ. ಹಬ್ಬದ ಹೊತ್ತಿನಲ್ಲಿ, ಕರೆಂಟ್ ಇದ್ದೂ, ನಮ್ಮ ಬೀದಿ ಹಾಗೆ ಸುಮ್ಮನಿದ್ದದ್ದನ್ನು ನಾನು ಅದೇ ಮೊದಲ ಸಲ ಕಂಡದ್ದು.

ಅವರು ಗದರಿದರು, ಆಮೇಲೆ ನಯವಾಗಿ ಹೇಳಿದರು. ನಾವು ಅಲುಗಲಿಲ್ಲ. ಕೊನೆಗೆ ಪುರೋಹಿತರೇ ಗಡಿಯಾರ ನೋಡಿ, "ಮುಹೂರ್ತ ಮೀರ್ತು, ಇನ್ನು ರಾಹುಕಾಲ" ಎಂದು ತಟ್ಟೆ ಎತ್ತಿಕೊಂಡರು. ಅವರ ಹಿಂದೆ ಒಬ್ಬೊಬ್ಬರೇ ಹೊರಟರು. ಮುಖಂಡರು ಇನ್ನೂ ಶಾಮಿಯಾನದ ಕೆಳಗಿದ್ದಾಗಲೇ ಕಾವ್ಯ ಮತ್ತವಳ ಗೆಳತಿಯರು ಖೊಖೊ ಕಂಬದಿಂದ ಹಗ್ಗ ಬಿಚ್ಚಿದರು. ಶಾಮಿಯಾನದ ಒಂದು ಮೂಲೆ ಕುಸಿದು ಮುಖಂಡರ ತಲೆಯ ಮೇಲೇ ಬಂತು. ಆಗ ನಕ್ಕ ನಗು ನಮ್ಮದು.

ಬಯಲು ಉಳಿದಿದೆ, ಆದರೆ ಅದಕ್ಕೆ ಇನ್ನೂ ಕಾಂಪೌಂಡಿಲ್ಲ. ಮತ್ತೊಂದು ಒಳ್ಳೆಯ ದಿನ ನೋಡುತ್ತಿದ್ದಾರಂತೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ನೋಡಲಿ. ನಾವೂ ಇಲ್ಲೇ ಇದ್ದೇವೆ. ಸಂಜೆ ಮಗ್ಗದ ಮುಂದೆ ಕೂತಿದ್ದರೆ, ಅಷ್ಟು ಸದ್ದಿನ ನಡುವೆಯೂ ಬಯಲಿನಿಂದ ಕಾವ್ಯ "ಖೋ!" ಎಂದು ಕೂಗುವುದು ನನಗೆ ಕೇಳಿಸುತ್ತದೆ. ಅವಳದೂ ನನ್ನದೇ ಗಂಟಲು. ಮೆತ್ತಗೆ ಮಾತಾಡು ಎಂದು ನಾನಂತೂ ಅವಳಿಗೆ ಹೇಳಿಕೊಟ್ಟಿಲ್ಲ, ಹೇಳಿಕೊಡುವುದೂ ಇಲ್ಲ.