ಎದೆಮಟ್ಟದ ಫೋಟೋ

ರಜೆ ಬಂತೆಂದರೆ ಕ್ಯಾಮೆರಾ ಹೆಗಲಿಗೇರಿಸಿ ಹೊರಡುವುದು ನನ್ನ ಹುಚ್ಚು. ರಾಯಚೂರು ಕೋಟೆಯ ಬಾಗಿಲು, ಆಮ್ ತಲಾಬ್ ಕೆರೆಯ ಮೇಲಿನ ಬೆಳಗಿನ ಬಿಸಿಲು, ತೀನ್ ಕಂದೀಲ್ ವೃತ್ತದ ಸುತ್ತಲ ತಳ್ಳುಗಾಡಿಗಳು, ದೇವದುರ್ಗದ ಸಂತೆ. ಊರವರೇ ಊರನ್ನು ಕಣ್ಣೆತ್ತಿ ನೋಡುವುದಿಲ್ಲವೆಂದು ನನಗೆ ಸಿಟ್ಟು. ಹಂಪಿಗೆ, ಬಾದಾಮಿಗೆ ಓಡುತ್ತಾರೆ, ಮನೆ ಮುಂದಿನ ಕೋಟೆಗೆ ಬೆನ್ನು ಮಾಡಿ ಚಹಾ ಕುಡಿಯುತ್ತಾರೆ.

ಮುದುಕರ ಫೋಟೋ ತೆಗೆಯಲು ನಾನಾಗಿ ಹೋದವನಲ್ಲ. ಬಾಗಲವಾಡದಲ್ಲಿ ಭತ್ತದ ಗದ್ದೆಯ ಫೋಟೋ ಹಿಡಿಯುತ್ತಿದ್ದಾಗ ಒಬ್ಬ ಅಜ್ಜ ಕರೆದ. "ತಮ್ಮಾ, ನಂದೊಂದು ತಗದು ಕೊಡು. ಎದಿ ಮಟಾ ಬಂದ್ರ ಸಾಕು." ಒಗೆದ ರುಮಾಲು ಸುತ್ತಿ ಕುರ್ಚಿಯಲ್ಲಿ ಕೂತ. ಸೊಸೆ ಹಿಂದೆ ಬಿಳಿ ಚಾದರ ಹಿಡಿದು ನಿಂತಳು. ಯಾತಕ್ಕೆ ಎಂದು ಕೇಳಿದೆ. "ಗ್ವಾಡಿಗಿ ಹಾಕಾಕ. ನಾ ಹೋದಮ್ಯಾಲೆ ಎಲ್ಲಿಂದ ತರ್ತಾರ?" ಎಂದ, ಬೀಜ ಗೊಬ್ಬರದ ಮಾತಾಡಿದಷ್ಟೇ ಸಲೀಸಾಗಿ.

ರಾಯಚೂರಿನಲ್ಲಿ ಫೋಟೋಕ್ಕೆ ಕಟ್ಟು ಹಾಕಿಸಿ ಒಯ್ಯುವಷ್ಟರಲ್ಲಿ ಅಜ್ಜ ತೀರಿಕೊಂಡಿದ್ದ. ಆಮೇಲೆ ಹಿರೇಕೊಟ್ನೆಕಲ್ಲಿನ ಅಜ್ಜಿಯೊಬ್ಬಳು ಕರೆಸಿದಳು. ಅವಳೂ ಬಹಳ ದಿನ ಉಳಿಯಲಿಲ್ಲ. ಕುರ್ಡಿಯ ಮುದುಕನೊಬ್ಬನಿಗೂ ಅದೇ ಆಯಿತು. ನಾನು ಫೋಟೋ ತೆಗೆದರೆ ಮನುಷ್ಯ ಉಳಿಯುವುದಿಲ್ಲವೆಂದು ಸುದ್ದಿ ಹಬ್ಬಿತು. ದೇವದುರ್ಗದ ಸಂತೆಯಲ್ಲಿ ಬಳೆ ಮಾರುವವನೊಬ್ಬ ನನ್ನನ್ನು ಕಂಡದ್ದೇ ಮುಖಕ್ಕೆ ಟವೆಲ್ ಅಡ್ಡ ಹಿಡಿದ. "ನಕ್ಕೋ ಭಾಯ್, ಮುಂದಕ್ಕ ಹೋಗ್ರಿ." ಪಕ್ಕದಲ್ಲಿದ್ದ ಹೆಂಗಸು ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು.

ಕೋಪ ನೆತ್ತಿಗೇರಿತು. ನಾನೇನು ಯಮನ ಏಜೆಂಟನೇ? ಕ್ಯಾಮೆರಾ ಯಾರನ್ನೂ ಕೊಂದಿಲ್ಲ. ಹೋಗುವ ಕಾಲ ಬಂತೆಂದು ಒಳಗೊಳಗೇ ಗೊತ್ತಾದವರು ನನ್ನನ್ನು ಕರೆಸುತ್ತಾರೆ, ಅಷ್ಟೆ. ಇಷ್ಟೂ ತಿಳಿಯದ ಮಂದಿ ಎಂದು ಬೈದುಕೊಳ್ಳುತ್ತಿದ್ದೆ. ಆದರೂ ಫೋಟೋಕ್ಕೆಂದು ಯಾರಾದರೂ ಫೋನ್ ಮಾಡಿದರೆ ಮೊದಲು ಯಾರದು, ವಯಸ್ಸೆಷ್ಟು ಎಂದು ಕೇಳುತ್ತಿದ್ದೆ.

ನನ್ನ ಅಕ್ಕನನ್ನು ಕೊಟ್ಟದ್ದು ಮಾನ್ವಿಗೆ. ಗಂಡ ಹೆಂಡತಿ ಇಬ್ಬರೂ ಶಾಲೆಯಲ್ಲಿ ಮಾಸ್ತರಿಕೆ ಮಾಡುವವರು. ಕೂಲಿ ಮಾಡಿ ಬದುಕಿದ ನಮ್ಮ ಮನೆಯಲ್ಲಿ ಮೊದಲು ಓದಿದವಳು ಅವಳು, ನನ್ನನ್ನು ಓದಿಸಿದವಳೂ ಅವಳೇ. ಕ್ಯಾಮೆರಾ ಕಂಡರೆ ಮಾತ್ರ ಆಗದು. ನನ್ನ ಮದುವೆಯ ಆಲ್ಬಮಿನಲ್ಲಿ ಅವಳದು ಬರೀ ಸೆರಗು ಬಂದಿದೆ. ಒಂದು ಭಾನುವಾರ ಅವಳೇ ಫೋನ್ ಮಾಡಿದಳು. "ತಮ್ಮಾ, ಬಾ. ಕ್ಯಾಮೆರಾ ತಗೊಂಡು ಬಾ."

ನನಗೆ ಹೆದರಿಕೆಯಾಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಹೊರಗೆ ಏನಿತ್ತೆಂದು ನೆನಪಿಲ್ಲ.

ಮಾವ, ಅಂದರೆ ಅಕ್ಕನ ಗಂಡ, ತರಕಾರಿ ತರಲು ಹೋಗಿದ್ದರು. ಅಂಗಳದಲ್ಲಿ ಕುರ್ಚಿ, ಹಿಂದೆ ಹಗ್ಗದ ಮೇಲೆ ಬಿಳಿ ಚಾದರ. ಅಕ್ಕ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಕೊರಳ ಎಲುಬು ಎದ್ದು ಕಾಣುತ್ತಿತ್ತು. ಇಷ್ಟು ಸೊರಗಿದ್ದು ಯಾವಾಗ?

"ಎದಿ ಮಟಾ ಸಾಕು," ಎಂದಳು.

"ಏನಾಗ್ಯಾದ ಹೇಳಕ್ಕಾ."

"ರಾಯಚೂರಾಗ ಡಾಕ್ಟರಿಗೆ ತೋರಿಸೀನಿ. ಭಾಳ ತಡ ಆಗ್ಯಾದ ಅಂದ್ರು. ನಿಮ್ಮ ಮಾವಗ ಇನ್ನಾ ಹೇಳಿಲ್ಲ, ನೀನೂ ಹೇಳಬ್ಯಾಡ."

"ನಾ ತಗಿಯಂಗಿಲ್ಲ," ಎಂದು ಕ್ಯಾಮೆರಾವನ್ನು ಚೀಲಕ್ಕೆ ತುರುಕಿದೆ.

"ನೀ ತಗೀಲಿಲ್ಲಂದ್ರ ಆಧಾರ್ ಕಾರ್ಡಿಂದು ದೊಡ್ಡದು ಮಾಡಿ ಹಾಕ್ತಾರ. ಅದರಾಗ ಕಳ್ಳಿ ಕಂಡಂಗ ಕಾಣ್ತೀನಿ. ಸಾಲಿ ಹುಡುಗ್ರು ನೋಡಾಕ ಬರ್ತಾವ. ತಗಿಯೋ."

ತೆಗೆದೆ. ಮೊದಲನೆಯದು ಕೆಟ್ಟಿತು, ಮತ್ತೆ ತೆಗೆದೆ.

ಗೇಟಿನ ಸದ್ದಾಯಿತು. ಅಕ್ಕ ದಡಬಡ ಎದ್ದು ಚಾದರ ಎಳೆದು ಮಡಚಿಟ್ಟು, ಏನೂ ಆಗದವಳಂತೆ ಮತ್ತೆ ಕೂತಳು. ಮಾವ ಚೀಲ ಹಿಡಿದು ಒಳಬಂದವರು ಕ್ಯಾಮೆರಾ ನೋಡಿ ಬಾಯಿಬಿಟ್ಟರು.

"ಅಬ್ಬಾ, ಅಂತೂ ಒಪ್ಪಿದಳೇನು ಮೇಡಂ! ತಡಿ, ನನ್ನೂ ಹಿಡಿ." ಒಳಗಿನಿಂದ ಇನ್ನೊಂದು ಕುರ್ಚಿ ತಂದು, ಬೆರಳಲ್ಲೇ ತಲೆ ಬಾಚಿಕೊಂಡು ಅವಳಿಗೆ ಒತ್ತಿಕೊಂಡು ಕೂತರು. "ಬರೋ ವರ್ಷ ಇಬ್ರೂ ರಿಟೈರ್ ಆಗ್ತೀವಿ. ಅವತ್ತೂ ಹಿಂಗ ಬಾಜೂಕ ಕುಂಡ್ರಿಸಿ ಒಂದು ತಗೀಬೇಕು ನೋಡು. ಈಗಾ ಹೇಳಿಟ್ಟೀನಿ."

ಅಕ್ಕ ನನ್ನನ್ನೇ ನೋಡುತ್ತಿದ್ದಳು.

"ಆತು ಮಾವಾ," ಎಂದೆ. "ತಗೀತೀನಿ."