ಅಜ್ಜಿಯ ದನಿ ಮತ್ತು ಮೂರು ವಾರದ ಸೂಜಿ

ಮನೆಯವರು ಇಪ್ಪತ್ತು ವರ್ಷ ನನ್ನನ್ನು ಹುಡುಗಿ ಎಂದೇ ತಿಳಿದಿದ್ದರು. ತಪ್ಪು ಅವರದಲ್ಲ. ಸೂಲಗಿತ್ತಿ ಹಾಗೆ ಹೇಳಿದ್ದಳು, ಅವಳಿಗೂ ಏನೋ ಅವಸರವಿತ್ತು. ಎಂಬತ್ತರ ದಶಕದಲ್ಲಿ ಹುಮನಾಬಾದಿನ ಒಬ್ಬ ಡಾಕ್ಟರು ಹೈದರಾಬಾದಿನ ದೊಡ್ಡ ಡಾಕ್ಟರಿಗೆ ಪತ್ರ ಬರೆದು ಕೇಳಿಕೊಂಡು, ನನಗೆ ಗಂಡು ಹಾರ್ಮೋನಿನ ಸೂಜಿ ಶುರು ಮಾಡಿದರು. ಮೂರು ವಾರಕ್ಕೊಂದು. ಆರು ತಿಂಗಳಲ್ಲಿ ತುಟಿಯ ಮೇಲೆ ಹನ್ನೊಂದು ಕೂದಲು ಬಂದವು. ಊರವರು ಅದನ್ನು ಕೊಳೆ ಎನ್ನುತ್ತಿದ್ದರು, ನಾನು ಮೀಸೆ ಎನ್ನುತ್ತಿದ್ದೆ. ದನಿಯೂ ಒಡೆಯಿತು.

ನನಗೆ ಚಿಕ್ಕಂದಿನಿಂದ ಕಂಡವರ ದನಿಯನ್ನು ಅಣಕಿಸುವ ಚಟ. ಬಸ್ಸಿನ ಕಂಡಕ್ಟರ್, ಶಾಲೆಯ ಮಾಸ್ತರರು, ನಾರಾಯಣಪುರದ ಸೋದರಮಾವನ ಗೊರಕೆ, ಯಾರನ್ನೂ ಬಿಟ್ಟಿರಲಿಲ್ಲ. ಎಲ್ಲಕ್ಕಿಂತ ಚೆಂದ ಬರುತ್ತಿದ್ದುದು ನಮ್ಮ ಅಜ್ಜಿಯ ದನಿ. ಅದೇ ನನ್ನ ತಲೆ ಕೆಡಿಸಿತು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ನಿಂತು ಅಜ್ಜಿಯಂತೆ, “ಎಮ್ಮಿಗಿ ಹುಲ್ಲ ಹಾಕೀರೇನು?” ಎಂದು ಕೂಗುತ್ತಿದ್ದೆ. ದನಿ ಒಡೆದು ಬಿದ್ದರೆ ಔಷಧ ಕೆಲಸ ಮಾಡುತ್ತಿದೆ ಎಂದು ಖುಷಿ. ಸೊಗಸಾಗಿ ಬಂತೋ, ಎದೆ ಧಸಕ್ಕೆನ್ನುತ್ತಿತ್ತು: ಹೆಣ್ಣುದನಿ ಹೊಳ್ಳಿ ಬರುತ್ತಿದೆ! ಕೂಡಲೇ ಬಸವಕಲ್ಯಾಣದ ನಮ್ಮ ಓಣಿಯ ಕಾಂಪೌಂಡರನ ಹತ್ತಿರ ಓಡಿ, “ಡಾಕ್ಟರೇ ಹೇಳ್ಯಾರ” ಎಂದು ಡಾಕ್ಟರ ದನಿಯಲ್ಲೇ ಸುಳ್ಳು ಹೇಳಿ, ಇನ್ನೊಂದು ಸೂಜಿ ಚುಚ್ಚಿಸಿಕೊಳ್ಳುತ್ತಿದ್ದೆ. ಹೀಗೆ ಮೂರು ವಾರದ್ದು ಹತ್ತು ದಿನಕ್ಕೆ ಇಳಿಯಿತು.

ಮುಂದಿನ ತಪಾಸಣೆಗೆ ಅವ್ವನೂ ಹುಮನಾಬಾದಿಗೆ ಬಂದಳು. ಅವಳು ಹೊರಗಿನ ಬೆಂಚಿನ ಮೇಲೆ ಕುಳಿತಳು, ನಾನು ಒಳಗೆ ಹೋದೆ.

“ಏನಪಾ, ಹ್ಯಾಂಗದಿ?” ಎಂದರು ಡಾಕ್ಟರು.

“ಪೈಲ್ವಾನ ಆಗೀನ್ರಿ, ಡಾಕ್ಟರ್ ಸಾಬ್.”

“ಪೈಲ್ವಾನ್ರ ಮಾರಿ ಹಿಂಗ ಇಟ್ಟಂಗಿಯಂಗ ಕೆಂಪಗ ಆಗಂಗಿಲ್ಲ. ತೋಳ ಚಾಚು.” ಬಿ.ಪಿ. ನೋಡಿದರು. ರಕ್ತ ಪರೀಕ್ಷೆಯ ಕಾಗದ ನೋಡಿದರು, ನನ್ನನ್ನು ನೋಡಿದರು, ಮತ್ತೆ ಕಾಗದ ನೋಡಿದರು. “ತಲಿ ನೋಯ್ತದೇನು?”

“ನಮ್ಮಪ್ಪ ಮಾತಾಡಿದಾಗ ಅಷ್ಟೇ ರಿ.”

“ಚೇಷ್ಟಿ ಸಾಕು. ರಕ್ತ ಗಟ್ಟಿ ಆಗ್ಯದ, ಬಿ.ಪಿ. ಏರ್ಯದ. ಖರೇ ಹೇಳು, ಎಷ್ಟು ದಿನಕ್ಕೊಮ್ಮೆ ಹಾಕಿಸ್ಕೊಳ್ಳಾಕತ್ತೀದಿ?”

ಹೇಳಿದೆ. ಬಚ್ಚಲು, ಎಮ್ಮೆ, ಕಾಂಪೌಂಡರ್, ಎಲ್ಲವನ್ನೂ. ಡಾಕ್ಟರು ನಗಲಿಲ್ಲ. ಒಂದು ತಿಂಗಳು ಸೂಜಿ ಬಂದ್, ಆಮೇಲೆ ಮೂರು ವಾರಕ್ಕೊಮ್ಮೆ, ಅದೂ ಮೊದಲಿನ ಅರ್ಧ ಎಂದರು.

“ಬ್ಯಾಡ್ರಿ ಸಾಬ್! ಹತ್ತು ದಿನಕ್ಕ ಹಾಕಿಸ್ಕೊಂಡ್ರೂ ಅಜ್ಜಿ ದನಿ ಬರಾಕತ್ತದ. ಅರ್ಧ ಮಾಡಿದ್ರ ನಾ ಪೂರಾ ಹೋಗೇಬಿಡ್ತೀನ್ರಿ.”

ಅದನ್ನು ಯಾರನ್ನೂ ಅಣಕಿಸದೆ, ನನ್ನ ದನಿಯಲ್ಲೇ ಹೇಳಿದೆ. ಕಣ್ಣಲ್ಲಿ ನೀರು ಬಂದಿತ್ತು.

ಡಾಕ್ಟರು ಪೆನ್ನು ಕೆಳಗಿಟ್ಟರು. ಒಮ್ಮೆ ಬಾಗಿಲ ಕಡೆ ನೋಡಿ, ಕಣ್ಣು ಮುಚ್ಚಿ, ಸಣ್ಣ ದನಿ ತೆಗೆದರು: “ಯಪ್ಪಾ ಮಗನಾ, ಉಂಡೀಯೇನೋ? ಬಡವಾಗಿ ಹೋದೆಲ್ಲೋ!”

ಬಾಗಿಲ ಸಂದಿಗೆ ಬೆಕ್ಕು ಸಿಕ್ಕಿಕೊಂಡಂತಿತ್ತು. ನರ್ಸಮ್ಮ ಗಾಬರಿಯಾಗಿ ಇಣುಕಿದರು. “ಏನಿಲ್ಲ, ನೀ ಹೋಗವ್ವ,” ಎಂದು ಅವರನ್ನು ಕಳಿಸಿ ಡಾಕ್ಟರು ನನ್ನತ್ತ ತಿರುಗಿದರು. “ನಮ್ಮವ್ವನ ದನಿ ತಗದೆ. ನಾ ಈಗ ಹೆಂಗಸಾದ್ನೇನು?”

“ಇಲ್ರಿ.”

“ಗಂಟಲದಾಗಿನ ತಂತಿ ಒಮ್ಮೆ ದಪ್ಪ ಆದ್ವು ಅಂದ್ರ ಮುಗೀತು. ಸೂಜಿ ಕಡಿಮಿ ಮಾಡಿದ್ರ ಹೊಳ್ಳಿ ತೆಳ್ಳಗ ಆಗಂಗಿಲ್ಲ. ಅಜ್ಜಿ ದನಿ ಬರೋದು ನಿನ್ನ ಕಲಾ, ರೋಗಲ್ಲ. ಮುಟ್ಟು ಮಾತ್ರ ಹೊಳ್ಳಿ ಬಂದ್ರೂ ಬರಬಹುದು. ಬಂದ್ರ ಹೆದರಬ್ಯಾಡ, ಬಂದು ಹೇಳು, ಇಬ್ರೂ ಕೂತು ಹದ ಮಾಡೋಣ. ಆದ್ರ ಇನ್ನ ಮ್ಯಾಲ ಔಷಧದ ಮಾತು ನನಗ ಕೇಳು, ಅಜ್ಜಿಗಿ ಕೇಳಬ್ಯಾಡ.”

ಆಗ ನಕ್ಕೆ, ತಲೆ ನೋಯುವಷ್ಟು. “ಆಗ್ಲಿರಿ. ಆದ್ರ ನಿಮ್ಮವ್ವನ್ನ ಸ್ವಲ್ಪ ಮೂಗಿನಾಗಿಂದ ತರಬೇಕ್ರಿ. ಗಂಟಲದಾಗ ಹಿಡದ್ರ ಪಾಪ ಉಸಿರುಗಟ್ಟತಾರ.”

ಅವರು ಮತ್ತೊಮ್ಮೆ ಪ್ರಯತ್ನಿಸಿದರು. ಈ ಸಲ ನರ್ಸಮ್ಮ ಇಣುಕಲಿಲ್ಲ, ಹೊರಗೇ ನಗುತ್ತಿದ್ದರು.

ಬಸವಕಲ್ಯಾಣಕ್ಕೆ ಮರಳುವ ಬಸ್ಸಿನಲ್ಲಿ ಅವ್ವ ಕಿಟಕಿಯ ಬದಿ ಕುಳಿತಳು. “ಏನಂದ್ರು?”

“ಸೂಜಿ ಅರ್ಧ ಮಾಡ್ಯಾರ.”

ಅವಳ ಮುಖ ಬಿಗಿಯಾಯಿತು. “ಅಂದ್ರ ಮತ್ತ ಮೊದಲಿನಂಗ ಆಗ್ತೀಯೇನು?”

ವರ್ಷವಿಡೀ ನನಗಾಗಿ ಅತ್ತವಳು. ಅವಳು ಕೇಳಿದ್ದು ಆಸೆಯಿಂದಲೋ ಭಯದಿಂದಲೋ ತಿಳಿಯಲಿಲ್ಲ. ಹೆದರುತ್ತಲೇ ಅಂದೆ, “ಇಲ್ಲವ್ವ, ದನಿ ಇನ್ನ ಹಿಂದಕ್ಕ ಹೋಗಂಗಿಲ್ಲಂತ. ನಾ ಹಿಂಗೇ ಇರ್ತೀನಿ.”

ಅವ್ವ ಉಸ್ಸೆಂದು ಸೀಟಿಗೆ ಒರಗಿದಳು. “ಸದ್ಯ, ಬದುಕಿದೆ ನೋಡು. ನಿನ್ನ ಸೀರಿ ನಾಲ್ಕೂ ಹರದು ಹೊದಿಯೋ ಕೌದಿಗಿ ಹಾಕೀನಿ. ಈಗ ಹೊಳ್ಳಿ ಬೇಕಂದಿದ್ರ ಎಲ್ಲಿಂದ ತರ್ತಿದ್ದೆ?”