ಉಸ್ತಾದನ ಕೈಲೆ ಹೊಸ ಸೂಜಿ

ನನ್ನ ಇಬ್ಬರೂ ಗಂಡುಮಕ್ಕಳು ಲಾರಿ ಮ್ಯಾಗ ಹೋದವರು, ಇಬ್ಬರೂ ಖಜೂರಿ ಧಾಬಾದ ಹಿಂದ ಕುಂತು ನಶೆಯ ಸೂಜಿ ಕಲಿತವರು. ಕುಡಿದರ ಬಾಯಿ ವಾಸನಿ ಬರ್ತದ, ಇದು ಬರೋದಿಲ್ಲ. ನನಗ ಗೊತ್ತಾಗೋದರಾಗ ಇಬ್ಬರ ಕೈಯೂ ಜರಡಿ ಆಗಿದ್ವು.

ದೊಡ್ಡಾಂವ ಬಿಟ್ಟ. ಹೆಂಗ ಬಿಟ್ಟ ಅಂತ ಕೇಳಬ್ಯಾಡ್ರಿ, ಅವನ ಹೇಲು ಬಳದಾಕಿ ನಾನು. ಆಮ್ಯಾಗ ರೋಗ ತಡಿಯೋ ಸಂಸ್ಥೆಯವರು ಅವನ್ನೇ ಹಿಡದರು. "ಚುಚ್ಚಿಕೊಳ್ಳೋ ಹುಡುಗರು ನಮ್ಮ ಮಾತು ಕೇಳೋದಿಲ್ಲ, ನಿಂದು ಕೇಳ್ತಾರ" ಅಂದು ಹೊಸ ಸೂಜಿಯ ಚೀಲ ಕೊಟ್ಟರು. ಒಬ್ಬರದು ಇನ್ನೊಬ್ಬರು ಚುಚ್ಚಿಕೊಂಡರ ಏಡ್ಸ್ ಬರ್ತದ ಅಂತ ಹಳೇ ಗೆಣೆಯರಿಗೆ ಹೇಳೋದು ಅವನ ಕೆಲಸ. ಮಂದಿ ಚಿಂತಿ ಅವನಿಗೆಲ್ಲಿತ್ತು? ತಮ್ಮ ಉಳಿದರ ಸಾಕಾಗಿತ್ತು. ತಮ್ಮನ ರಕ್ತ ತಪಾಸ ಮಾಡಿಸಿದ್ದ, ಆ ರೋಗ ಇನ್ನೂ ಇರಲಿಲ್ಲ.

ಆದರ ಲಾರಿ ಮಂದಿಯೊಳಗ ಒಂದು ರಿವಾಜು. ಗಾಡಿ ಕಲಿಸಿದ ಉಸ್ತಾದ ಮೊದಲು ಉಣ್ಣಬೇಕು, ಮೊದಲು ಬೀಡಿ ಹಚ್ಚಬೇಕು. ಸೂಜಿನೂ ಮೊದಲು ಅವನೇ, ಆಮ್ಯಾಗ ಅದೇ ಸೂಜಿ ಶಿಷ್ಯನಿಗೆ.

"ಉಸ್ತಾದನ ಎದುರಿಗೆ ನಂದು ಬ್ಯಾರೆ ತಗದರ, ಅವನಿಗೇ ನೀ ಹೊಲಸು ಅಂದಂಗಾಗ್ತದೋ ಅಣ್ಣಾ" ಅಂದ ಸಣ್ಣಾಂವ.

"ಹೊಲಸಲ್ಲಲೇ, ರೋಗ!"

"ಬಿಟ್ಟ ಮ್ಯಾಗ ಭಾಳ ಶಾಣ್ಯಾ ಆಗೀದಿ. ಹೋಗು, ಅವ್ವನ ಜೋಡಿ ರೊಟ್ಟಿ ಬಡಿ."

ದೊಡ್ಡಾಂವ ವಿಚಾರ ಮಾಡಿ ಉಸ್ತಾದನ ಕಡೆ ಹೋದ. "ತಮ್ಮಗ ಹೊಸ ಸೂಜಿ ನಿಮ್ಮ ಕೈಲೇ ಕೊಡ್ರಿ, ನೀವು ಕೊಟ್ಟಿದ್ದಂದರ ಬ್ಯಾಡ ಅನ್ನೋದಿಲ್ಲ" ಅಂದ. ಉಸ್ತಾದ ಒಪ್ಪಿದ. ಒಳ್ಳೇ ಮನುಷ್ಯಾ ಅಂವ, ಹೊಟ್ಟಿ ಉರಿಯೋದೇ ಅದಕ್ಕ. ಚೀಲ ಅವನ ಗಾಡಿ ಸೇರಿತು, ಖಾಲಿ ಆದಂಗ ದೊಡ್ಡಾಂವ ತುಂಬಿಸ್ತಿದ್ದ. ಅವತ್ತು ದೊಡ್ಡಾಂವ ನನ್ನ ಮುಂದ ಕುಂತು ಹೊಟ್ಟಿ ತುಂಬ ಉಂಡ.

ಕೆಲವು ವರ್ಷಕ್ಕ ಸಣ್ಣಾಂವ ಒಣಗಿ ಒಣಗಿ ಸತ್ತ. ಅದೇ ರೋಗ. ಹೊಸ ಸೂಜಿ ಚುಚ್ಚಿಕೊಂಡಾಂವಗ ಹೆಂಗ ಬಂತು ಅಂತ ದೊಡ್ಡಾಂವ ಗ್ವಾಡಿಗೆ ತಲಿ ಬಡಕೊಂಡ.

ಮಣ್ಣಿಗೆ ಉಸ್ತಾದ ಬಂದ. ಅವನೂ ಎಲುಬು ಎಲುಬು ಆಗಿದ್ದ. ನನ್ನ ಕಾಲ ಹತ್ರ ಕುಂತು ಅತ್ತ.

"ಅಕ್ಕಾ, ನಾ ಯಾವತ್ತೂ ಹಳೇದು ಕೊಡಲಿಲ್ರಿ. ಹೊಸದೇ ಒಡೀತಿದ್ದೆ. ಸೂಜಿ ಮೊಂಡ ಇದ್ದರ ಹುಡುಗನಿಗೆ ನೋವಾಗ್ತದಂತ, ಮೊದಲು ನನ್ನ ಕೈಗೆ ಚುಚ್ಚಿ ನೋಡಿ ಕೊಡ್ತಿದ್ದೆ."

ದೊಡ್ಡಾಂವ ಉಸ್ತಾದನ ತೋಳು ಹಿಡದು ಚುಚ್ಚಿದ ಕಲೆ ನೋಡಿದ. ಉಸ್ತಾದಗ ಏನೂ ತಿಳೀಲಿಲ್ಲ, ನಮ್ಮಿಬ್ಬರ ಮಾರಿ ನೋಡಿದ.

"ಚೀಲ ಎಲ್ಲಿ?" ಅಂದ ನನ್ನ ಮಗ.

"ಗಾಡಿಯಾಗ ಅದ. ಈಗಿನ ಹುಡುಗರಿಗೂ ಹಂಗೇ ನೋಡೇ ಕೊಡಾಕತ್ತೇನಿ."